ಹೊಳಿ ಬಂದಾಗ 108 ಬರತೈತೇನು?

ಅಣ್ಣಾರ, ನಿಮ್ಮದು ಜಮಖಂಡಿ ತಾಲೂಕಿನ ಕೃಷ್ಣಾ ಹೊಳಿದಂಡಿ ಊರು, ತವರಿಗೆ ಬಂದ ತಂಗಿಗೆ ಆಗಸ್ಟ್‌ದಾಗ ದಿನ ತುಂಬತಾವ, ಪ್ರವಾಹ ಬಂದ್ರ 108 ಬರತೈತೋ ಇಲ್ಲೋ, ಸರ್ಕಾರದ್ದು ಏನರ ಯೋಜನೆ ಐತೇನು ಅಂತ ಕೇಳೀರಿ.

ಯೋಜನೆ ಐತ್ರಿ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರಕಾರ ರಾಜ್ಯ ಪ್ರಾಧಿಕಾರಕ್ಕ ಮುಖ್ಯಮಂತ್ರಿ, ಜಿಲ್ಲಾ ಪ್ರಾಧಿಕಾರಕ್ಕ ಜಿಲ್ಲಾಧಿಕಾರಿ ಅಧ್ಯಕ್ಷರು. ಕಾಗದದ ಮ್ಯಾಲ ಎಲ್ಲಾ ಚಂದ. ಆದ್ರ ಅದು ನಿಮ್ಮ ಮನಿತನಕ ಮುಟ್ಟೂದು ಆಶಾ ಕಾರ್ಯಕರ್ತೆ ಕೈಯಾಗಿನ ಗರ್ಭಿಣಿಯರ ಪಟ್ಟಿಯಿಂದ. ತಂಗಿ ಹೆಸರು ಗಂಡನ ಊರಿನ ಪಟ್ಟಿಯೊಳಗೇ ಉಳಿದಿದ್ರ ನಿಮ್ಮೂರ ಆಶಾಗೆ ಗೊತ್ತೇ ಇರೂದಿಲ್ಲ. ಇವತ್ತೇ ತಾಯಿ ಕಾರ್ಡ್ ತಗೊಂಡು ಹೋಗಿ ಹೆರಿಗೆ ತಾರೀಕು ಬರಸ್ರಿ.

108 ರಸ್ತಾ ಇರೂತನಕ ಬರತೈತಿ. ನೀರು ಏರಿದ ಮ್ಯಾಲ ಬೋಟ್ ಬೇಕು, ಅದು ತಹಶೀಲ್ದಾರ, ಅಗ್ನಿಶಾಮಕದವರ ಕಡಿಂದ. ಆಗ ಜಿಲ್ಲಾ ಕಂಟ್ರೋಲ್ ರೂಮ್ 1077ಕ್ಕೂ ಫೋನ್ ಹಚ್ರಿ.

ನನ್ನ ಕೇಳಿದ್ರ ಅಲ್ಲಿತನಕ ಕಾಯಬ್ಯಾಡ್ರಿ. ನಮ್ಮ ಹೊಳಿ ನಮ್ಮ ಮಳಿಗೆ ಏರೂದಲ್ಲ. ಮಹಾರಾಷ್ಟ್ರದ ಮಹಾಬಳೇಶ್ವರ, ಕೊಯ್ನಾ ಕಡೆ ಸುರಿದದ್ದು ಇಲ್ಲಿ ಬಿಸಿಲು ಬಿದ್ದಾಗೂ ಸೇತುವೆ ಮುಳುಗಸತೈತಿ. 2019ರ ಆಗಸ್ಟ್‌ದಾಗಿನ ಪ್ರವಾಹ ನೆನಸ್ಕೋರಿ. ಕೊಯ್ನಾ ಡ್ಯಾಮಿನಿಂದ ನೀರು ಬಿಟ್ಟಾರ ಅನ್ನೂ ಸುದ್ದಿ ಬಂದ ಕೂಡ್ಲೇ ಆಕಿನ್ನ ಜಮಖಂಡಿ ತಾಲೂಕು ಆಸ್ಪತ್ರೆ ಹತ್ರ ಯಾರರ ಬೀಗರ ಮನ್ಯಾಗ ಇಡ್ರಿ. ರಕ್ತ ಕಡಿಮಿ ಇದ್ರ, ಇಲ್ಲಾ ಹಿಂದ ಸಿಸೇರಿಯನ್ ಆಗಿದ್ರ, ಬಾಗಲಕೋಟೆಗೇ ಹೋಗಬೇಕೇನು ಅಂತ ಡಾಕ್ಟರನ್ನ ಈಗೇ ಕೇಳ್ರಿ. ತಾಯಿ ಕಾರ್ಡ್, ಆಧಾರ್, ಗುಳಿಗಿ ಒಂದು ಪ್ಲಾಸ್ಟಿಕ್ ಚೀಲದಾಗ ಕಟ್ಟಿಡ್ರಿ.