ಭಾನುವಾರದ ಖರ್ಚು: ಬ್ರಿಸ್ಬೇನ್‌ನಿಂದ ಒಂದು ಉತ್ತರ

ಬ್ರಿಸ್ಬೇನ್‌ಗೆ ಬಂದು ಮೂರು ತಿಂಗಳಾಯಿತು, ಒಬ್ಬರದೇ ಸಂಬಳ, ಆರು ವರ್ಷದ ಮಗಳಿದ್ದಾಳೆ, ಹೊರಗೆ ಹೊರಟರೆ ವಾರಕ್ಕೆ ನೂರೈವತ್ತು ಡಾಲರ್ ಕರಗುತ್ತದೆ, ಮನೆಯಲ್ಲೇ ಕೂತರೆ ಹೆಂಡತಿಗೆ ಊರಿನ ಚಿಂತೆ ಹತ್ತುತ್ತದೆ, ಏನು ಮಾಡುವುದು ಎಂದು ಕೇಳಿದ್ದೀರಿ. ಹದಿನಾಲ್ಕು ವರ್ಷದ ಹಿಂದೆ ನಾವೂ ಹೀಗೆಯೇ ಇದ್ದೆವು. ಕಾಫಿಯ ಬೆಲೆಯನ್ನು ರೂಪಾಯಿಗೆ ಗುಣಿಸಿ ನೋಡಿ, ಕುಡಿಯದೆ ಎದ್ದು ಬಂದದ್ದೂ ಉಂಟು.

ಮೊದಲು ದೋಣಿ ಹತ್ತಿ. 2024ರ ಆಗಸ್ಟ್‌ನಿಂದ ಇಲ್ಲಿನ ಬಸ್, ರೈಲು, ದೋಣಿ ಎಲ್ಲಕ್ಕೂ ಒಂದು ಪ್ರಯಾಣಕ್ಕೆ 50 ಸೆಂಟ್. ವಿಮಾನ ನಿಲ್ದಾಣದ ರೈಲು ಮಾತ್ರ ಇದಕ್ಕೆ ಸೇರಿಲ್ಲ. ಸೇಂಟ್ ಲೂಸಿಯಾದ ವಿಶ್ವವಿದ್ಯಾಲಯದ ಹತ್ತಿರ ಸಿಟಿಕ್ಯಾಟ್ ಎಂಬ ದೋಣಿ ಹತ್ತಿ, ಒಳಗೆ ಕೂರದೆ ಮುಂಭಾಗದಲ್ಲಿ ಗಾಳಿಗೆ ನಿಂತುಕೊಳ್ಳಿ. ಸ್ಟೋರಿ ಸೇತುವೆಯ ಅಡಿಯಲ್ಲಿ ಹಾದುಹೋಗುವಾಗ ನಿಮ್ಮ ಮಗಳು ತಲೆ ಎತ್ತಿಕೊಂಡೇ ಇರುತ್ತಾಳೆ. ವಾಪಸು ಬರುವಾಗ ಸೌತ್ ಬ್ಯಾಂಕ್‌ನಲ್ಲಿ ಇಳಿದರೆ, 1988ರ ವಿಶ್ವ ಪ್ರದರ್ಶನ (ಎಕ್ಸ್‌ಪೋ) ನಡೆದ ಜಾಗದಲ್ಲಿ ಮರಳು ತಂದು ಹಾಕಿ ಕಟ್ಟಿದ ಕಡಲತೀರವಿದೆ. ಟಿಕೆಟ್ ಇಲ್ಲ. ಬೇಸಿಗೆಯಲ್ಲಾದರೆ ಬೆಳಿಗ್ಗೆಯೇ ಹೋಗಿ, ಟೋಪಿ ಮರೆಯಬೇಡಿ. ಇಲ್ಲಿಯ ಬಿಸಿಲು ನಮ್ಮ ಬಿಸಿಲಲ್ಲ.

ಇನ್ನು ನನ್ನ ಅಚ್ಚುಮೆಚ್ಚಿನದು. ಇಲ್ಲಿನ ಬಹಳಷ್ಟು ಉದ್ಯಾನಗಳಲ್ಲಿ ಬಾರ್ಬೆಕ್ಯೂ ಕಟ್ಟೆಗಳಿವೆ. ಗುಂಡಿ ಒತ್ತಿದರೆ ಸ್ಟೀಲಿನ ಹಲಗೆ ಕಾಯುತ್ತದೆ, ಕಾಸು ಕೊಡಬೇಕಿಲ್ಲ. ಇಲ್ಲಿಯವರು ಸಾಸೇಜ್ ಸುಡುತ್ತಾರೆ. ನಾವು ಮೊದಲ ಸಲ ಅತಿ ಉತ್ಸಾಹದಿಂದ ನೀರುದೋಸೆಯ ಹಿಟ್ಟು ಒಯ್ದಿದ್ದೆವು. ಮಾಂಸದ ಜಿಡ್ಡು ಹರಿದುಹೋಗಲೆಂದು ಹಲಗೆಯ ನಡುವೆ ಒಂದು ತೂತು, ಅದರ ಕಡೆಗೆ ಸಣ್ಣ ಇಳಿಜಾರು ಇರುತ್ತದೆ ಎಂಬುದು ಯಾರಿಗೆ ಗೊತ್ತಿತ್ತು? ಹೆಂಡತಿ ಸೌಟಿನಿಂದ ಹುಯ್ದದ್ದೇ ತಡ, ಹಿಟ್ಟು ಚೊಯ್ ಎನ್ನುತ್ತಲೇ ಜಾರಿ ತೂತಿನೊಳಗೆ ಇಳಿಯಿತು. ಎಲ್ಲರ ಮನೆ ದೋಸೆ ತೂತಾದರೆ ನಮ್ಮ ಮನೆ ಕಾವಲಿಯೇ ತೂತು ಎಂಬ ಗಾದೆ ಕಣ್ಣೆದುರೇ ನಡೆದುಹೋಯಿತು. ಆ ದಿನ ನಾವು ನಕ್ಕಷ್ಟು, ದುಡ್ಡು ಸುರಿದು ಹೋದ ಥೀಮ್ ಪಾರ್ಕ್‌ನಲ್ಲಿ ನಕ್ಕಿಲ್ಲ. (ಅಲ್ಲಿ ಸರದಿಯಲ್ಲಿ ನಿಂತು ಜಗಳವಾಡಿದೆವು.)

ಆಮೇಲೆ ಅಕ್ಕಿರೊಟ್ಟಿಗೆ ಬಂದೆವು. ಹಿಟ್ಟು ಗಟ್ಟಿಯಾಗಿರಲಿ. ಮಾಂಸ ಸುಟ್ಟ ಹಲಗೆ ಎಂಬ ಅಳುಕಿದ್ದರೆ ಅಲ್ಯೂಮಿನಿಯಂ ಹಾಳೆಯ ಮೇಲೆ ರೊಟ್ಟಿ ತಟ್ಟಿ, ಹಾಳೆ ಸಮೇತ ಇಡಿ. ಸ್ವಲ್ಪ ಹೊತ್ತಿಗೆ ಹಲಗೆ ತಾನಾಗಿಯೇ ಆರುತ್ತದೆ, ಮತ್ತೆ ಒತ್ತಬೇಕು. ನಮ್ಮಲ್ಲಿ ಗುಂಡಿಯ ಅಧಿಕಾರ ಮಗನದು, ಬೇರೆಯವರು ಮುಟ್ಟುವಂತಿಲ್ಲ. ಸಬ್ಬಸಿಗೆ ಸೊಪ್ಪಿನ ಘಮಕ್ಕೆ ಪಕ್ಕದ ಕಟ್ಟೆಯವರು ತಿರುಗಿ ನೋಡುತ್ತಾರೆ. ಒಮ್ಮೆ ವಿಯೆಟ್ನಾಂ ಮೂಲದ ಅಜ್ಜಿಯೊಬ್ಬರು ಒಂದು ಚೂರು ಬಾಯಿಗೆ ಹಾಕಿಕೊಂಡು, "ಅಕ್ಕಿ ತಾನೇ?" ಎಂದು ಕೇಳಿದರು. ಇಬ್ಬರಿಗೂ ಅರೆಬರೆ ಇಂಗ್ಲಿಷ್, ಆದರೂ ನನ್ನ ಹೆಂಡತಿ ಅವರ ಜೊತೆ ಒಂದು ಗಂಟೆ ಹರಟಿದಳು. ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗಿ ಎನ್ನುವುದು ಇದಕ್ಕೇ.

ತಟ್ಟೆಯನ್ನು ಮಾತ್ರ ಬಿಟ್ಟು ಏಳಬೇಡಿ. ಉದ್ದ ಬಾಗಿದ ಕೊಕ್ಕಿನ ಬಿಳಿ ಹಕ್ಕಿಗಳು ಅಲ್ಲೇ ಸುತ್ತುತ್ತಿರುತ್ತವೆ, ರಂಗನತಿಟ್ಟಿನ ಕೆಂಬರಲುಗಳ ದಾಯಾದಿಗಳು. ಕಸದ ತೊಟ್ಟಿ ಕೆದಕುವ ಚಾಳಿಯಿಂದ ಇಲ್ಲಿಯವರು ಅವುಗಳನ್ನು 'ಬಿನ್ ಚಿಕನ್' ಎನ್ನುತ್ತಾರೆ. ಹೋದ ತಿಂಗಳು ನನ್ನ ತಟ್ಟೆಯಿಂದ ಇಡೀ ರೊಟ್ಟಿ ಎತ್ತಿಕೊಂಡು ಹೋಯಿತು. ಚಟ್ನಿ ಬಿಟ್ಟಿತ್ತು.