ಬರೆದವನ ಮನೆಗೇ ಬಂದ ಉಪಗ್ರಹ

ಪ್ರಶ್ನೆ: ವಿಜ್ಞಾನ ಕತೆಗಾರರು ಕಲ್ಪಿಸಿಕೊಂಡದ್ದು ಅವರ ಕಣ್ಣೆದುರಿಗೇ ನಿಜವಾದದ್ದು ಉಂಟೇ? ನಾನೂ ಅಂಥ ಕತೆ ಬರೆಯಲು ಹೊರಟಿದ್ದೇನೆ, ಅದಕ್ಕೇ ಕೇಳಿದೆ.
– ಓದುಗರೊಬ್ಬರು, ಸಿಂಧನೂರು

ಉತ್ತರ: ಉಂಟು. ಸಿಂಧನೂರಿನಿಂದ ಈ ಪ್ರಶ್ನೆ ಬಂದದ್ದು ನನಗೆ ಇನ್ನೂ ಖುಷಿ. ನಾನು ಹೇಳಹೊರಟ ಸಂಗತಿಗೆ ನಿಮ್ಮ ರಾಯಚೂರು ಜಿಲ್ಲೆಯೂ ಸಾಕ್ಷಿ.

1945ರ ಅಕ್ಟೋಬರ್‌ನಲ್ಲಿ ಮುಂದೆ ಹೆಸರಾಂತ ವಿಜ್ಞಾನ ಕತೆಗಾರರಾದ ಆರ್ಥರ್ ಸಿ. ಕ್ಲಾರ್ಕ್ ‘ವೈರ್‌ಲೆಸ್ ವರ್ಲ್ಡ್’ ಎಂಬ ಬ್ರಿಟಿಷ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ವಯಸ್ಸು 27, ವಾಯುಪಡೆಯಲ್ಲಿ ರೇಡಾರ್ ಕೆಲಸ. ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ವಸ್ತು, ಭೂಮಿ ತನ್ನ ಸುತ್ತ ತಿರುಗುವಷ್ಟೇ ಹೊತ್ತಿಗೆ ಒಂದು ಸುತ್ತು ಮುಗಿಸುತ್ತದೆ. ನೆಲದಿಂದ ನೋಡಿದವರಿಗೆ ಅದು ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ. ಅಂಥ ಮೂರು ನಿಲ್ದಾಣಗಳಿದ್ದರೆ ಜಗತ್ತಿಗೆಲ್ಲ ರೇಡಿಯೊ, ಟಿವಿ ತಲುಪಿಸಬಹುದು ಎಂದು ಅವರು ಲೆಕ್ಕ ಹಾಕಿ ತೋರಿಸಿದರು. ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಲು ಇನ್ನೂ 12 ವರ್ಷ ಬಾಕಿಯಿತ್ತು! ಆ ಕಕ್ಷೆಯ ವಿಚಾರವನ್ನು 1920ರ ದಶಕದಲ್ಲೇ ಹೆರ್ಮಾನ್ ಪೊಟೋಚ್ನಿಕ್ ಎಂಬ ಎಂಜಿನಿಯರ್ ಬರೆದಿದ್ದರು, ಅವರಿಗೆ ಸಲ್ಲಬೇಕಾದದ್ದು ಸಲ್ಲಲಿ. ಅದನ್ನು ಇಡೀ ಜಗತ್ತಿನ ಪ್ರಸಾರಕ್ಕೆ ಹೀಗೆ ಬಳಸಬಹುದೆಂದು ವಿವರವಾಗಿ ತೋರಿಸಿದ್ದು ಕ್ಲಾರ್ಕ್.

ಆ ಲೇಖನದಲ್ಲಿ ನನಗೆ ತುಂಬ ಇಷ್ಟವಾದ ಭಾಗ ಬೇರೆಯೇ ಇದೆ. ಅವರ ನಿಲ್ದಾಣಗಳಲ್ಲಿ ಮನುಷ್ಯರು ವಾಸವಿರುತ್ತಾರೆ. ಅದು ವಾಲ್ವ್ ರೇಡಿಯೊಗಳ ಕಾಲ. ವಾಲ್ವ್ ಸುಟ್ಟುಹೋದರೆ ಬದಲಿಸಲು ಮೇಲೆ ಯಾರಾದರೂ ಇರಲೇಬೇಕಲ್ಲ! ಎರಡೇ ವರ್ಷದಲ್ಲಿ ವಾಲ್ವ್ ಮಾಡುವ ಕೆಲಸವನ್ನೇ ಮಾಡುವ, ಹಾಗೆ ಸುಟ್ಟುಹೋಗದ ಪುಟ್ಟ ಟ್ರಾನ್ಸಿಸ್ಟರ್ ಬಂತು. 1964ರಲ್ಲಿ ‘ಸಿಂಕಾಮ್ 3’ ಉಪಗ್ರಹ ಆ ಎತ್ತರದಲ್ಲಿ ನಿಂತು ಟೋಕಿಯೊ ಒಲಿಂಪಿಕ್ಸನ್ನು ಅಮೆರಿಕಕ್ಕೆ ದಾಟಿಸಿದಾಗ ಅದರಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಂಡ ಕನಸು ನಿಜವಾಯಿತು, ಆದರೆ ಕಂಡ ರೂಪದಲ್ಲಿ ಅಲ್ಲ. ಬರೆಯುವವನಿಗೆ ಇದಕ್ಕಿಂತ ದೊಡ್ಡ ವಿಸ್ಮಯ ಬೇರೆ ಇರಲಾರದು ಎಂದೇ ನನ್ನ ನಂಬಿಕೆ.

ಇನ್ನು ನಮ್ಮ ಕಡೆಯ ಮಾತು. 1975ರ ಆಗಸ್ಟ್‌ನಿಂದ ಒಂದು ವರ್ಷ ಇಸ್ರೊ ‘ಸೈಟ್’ ಎಂಬ ಪ್ರಯೋಗ ನಡೆಸಿತು. ಅಮೆರಿಕದ ‘ಎಟಿಎಸ್-6’ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿವಿ ಕೊಟ್ಟರು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳು ಆಯ್ಕೆಯಾಗಿದ್ದವು. ಆಗ ನಾನು ಗುಲ್ಬರ್ಗ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಓದುತ್ತಿದ್ದೆ. ಶಾಲೆಯ ಪಕ್ಕದಲ್ಲಿ ಹತ್ತಡಿ ಅಗಲದ ಛತ್ರಿಯಂಥ ಆಂಟೆನಾವೊಂದನ್ನು ಮುಗಿಲಿಗೆ ಮುಖ ಮಾಡಿ ನಿಲ್ಲಿಸಿದ್ದರು, ಅದಕ್ಕೆ ಕೋಳಿಗೂಡಿಗೆ ಹಾಕುವಂಥ ತಂತಿ ಜಾಲರಿ. ಉಪಗ್ರಹದ ಆಂಟೆನಾ ಮೂವತ್ತು ಅಡಿ ಅಗಲದ್ದಾಗಿದ್ದರಿಂದ ಕೆಳಗೆ ಇಷ್ಟು ಸರಳವಾದದ್ದೇ ಸಾಕಾಗುತ್ತಿತ್ತು. ಮುಂಜಾನೆ ಮಕ್ಕಳ ಕಾರ್ಯಕ್ರಮ. ಸಂಜೆ ಒಕ್ಕಲುತನ, ಆರೋಗ್ಯ, ಸುದ್ದಿ. ಹೊಲದಿಂದ ಬಂದ ಮಂದಿ ಕೈಕಾಲು ತೊಳೆದು ಅಂಗಳದಲ್ಲಿ ಕೂಡುತ್ತಿದ್ದರು. ಹೆಣ್ಣುಮಕ್ಕಳು ಒಂದು ಬದಿ, ಹುಡುಗರಾದ ನಾವು ಎಲ್ಲರಿಗಿಂತ ಮುಂದೆ. ಪಟ್ಟಣದ ಸಿನಿಮಾ ಟಾಕೀಸನ್ನೂ ಕಾಣದ ಮುದುಕರು ಅಲ್ಲಿದ್ದರು.

ಅದೇ ಹೊತ್ತಿಗೆ ಕ್ಲಾರ್ಕ್ ಕೊಲಂಬೊದಲ್ಲಿ ನೆಲೆಸಿದ್ದರು. ಶ್ರೀಲಂಕಾದಲ್ಲಿ ಆಗ ಟಿವಿ ಪ್ರಸಾರವೇ ಇರಲಿಲ್ಲ. ಇಸ್ರೊದ ಎಂಜಿನಿಯರುಗಳು ಹೋಗಿ ಅವರ ಮನೆಯಲ್ಲೂ ಒಂದು ಛತ್ರಿ ನಿಲ್ಲಿಸಿ ಬಂದರು. ಮೂವತ್ತು ವರ್ಷದ ಹಿಂದೆ ಕಾಗದದ ಮೇಲೆ ಲೆಕ್ಕ ಹಾಕಿದ ಎತ್ತರದಿಂದ, ನಮ್ಮ ಹಳ್ಳಿಗಳಿಗೆಂದು ಕಳಿಸಿದ ಚಿತ್ರಗಳು ಅವರ ಮನೆಗೂ ಇಳಿದವು. ನಾವು ನೆಲದ ಮೇಲೆ ಕೂತು ನೋಡಿದ್ದನ್ನೇ ಆ ಕಕ್ಷೆಯ ಕನಸು ಕಂಡವರೂ ನೋಡಿದರು. ಇದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಆವತ್ತು ನಿದ್ದೆ ಬರಲಿಲ್ಲ. ಈಗ ನಮ್ಮ ದೇಶದ ಅಂಥ ಉಪಗ್ರಹಗಳನ್ನು ಹಾಸನದಲ್ಲಿರುವ ಇಸ್ರೊ ನಿಯಂತ್ರಣ ಕೇಂದ್ರ ಎಂಸಿಎಫ್‌ನಿಂದ ಹಗಲೂ ರಾತ್ರಿ ನಿಭಾಯಿಸುತ್ತಾರೆ. ಮನೆಮನೆಯ ಡಿಷ್ ಅಲುಗಾಡದೆ ಒಂದೇ ದಿಕ್ಕಿಗೆ ನೋಡುತ್ತಿರುವುದು ಅದೇ ಲೆಕ್ಕದ ಫಲ.

ನೀವು ಬರೆಯುತ್ತಿದ್ದೀರಿ ಎಂದಿರಿ. ಬರೆಯಿರಿ, ಜೊತೆಗೆ ಲೆಕ್ಕವನ್ನೂ ಮಾಡಿ. ಕ್ಲಾರ್ಕ್ 1979ರ ಕಾದಂಬರಿಯೊಂದರಲ್ಲಿ ನೆಲದಿಂದ ಆ ಕಕ್ಷೆಯವರೆಗೆ ಲಿಫ್ಟ್ ಕಟ್ಟಿಸಿದರು. ಅದಕ್ಕೆ ಭೂಮಧ್ಯರೇಖೆಯ ಮೇಲೊಂದು ಬೆಟ್ಟ ಬೇಕಿತ್ತು. ಅದಕ್ಕಾಗಿ ಶ್ರೀಲಂಕಾವನ್ನೇ ಹೋಲುವ ದ್ವೀಪವೊಂದನ್ನು ದಕ್ಷಿಣಕ್ಕೆ ಸರಿಸಿ ಅಲ್ಲಿಗೆ ತಂದರು. ದ್ವೀಪವನ್ನು ಸರಿಸುವಷ್ಟು ಸ್ವಾತಂತ್ರ್ಯ ತೆಗೆದುಕೊಂಡರೇ ಹೊರತು ಭೌತಶಾಸ್ತ್ರವನ್ನು ಕದಲಿಸಲಿಲ್ಲ. ಆ ಲಿಫ್ಟು ಇನ್ನೂ ಆಗಿಲ್ಲ. ತನ್ನ ಭಾರಕ್ಕೆ ತಾನೇ ಹರಿಯದಷ್ಟು ಗಟ್ಟಿಯೂ ಹಗುರವೂ ಆದ ಅಷ್ಟುದ್ದದ ಹಗ್ಗವನ್ನು ಯಾರೂ ಹೊಸೆದಿಲ್ಲ.