ತಾಮ್ರದ ತಂತಿಯಿಂದ ಫೈಬರಿಗೆ: ವಸತಿಗೃಹದ ಫೋನುಗಳನ್ನು ಬದಲಿಸುವ ಮುನ್ನ

ಪ್ರಶ್ನೆ: ಹುಬ್ಬಳ್ಳಿಯಲ್ಲಿ ನಮ್ಮದು 36 ಕೋಣೆಗಳ ವಸತಿಗೃಹ. ರಿಸೆಪ್ಷನ್‌ನಲ್ಲಿ ಹಳೆಯ ಇಪಿಎಬಿಎಕ್ಸ್ (ಕೋಣೆಗಳ ಫೋನುಗಳನ್ನು ಹೊರಲೈನಿಗೆ ಜೋಡಿಸುವ ಪೆಟ್ಟಿಗೆ) ಇದ್ದು, ಹೊರಗಿನಿಂದ ನಾಲ್ಕು ಲ್ಯಾಂಡ್‌ಲೈನ್‌ಗಳು ಅದಕ್ಕೆ ಬರುತ್ತವೆ; ಪ್ರತಿ ಕೋಣೆಗೂ ಒಂದೊಂದು ಎಕ್ಸ್‌ಟೆನ್ಷನ್ ಇದೆ. ಮಳೆಗಾಲ ಬಂತೆಂದರೆ ಲೈನಿನಲ್ಲಿ ಕರಕರ ಸದ್ದು. ಟೆಲಿಫೋನ್ ಕಂಪನಿಯವರು ಫೈಬರ್ ಸಂಪರ್ಕಕ್ಕೆ ಬದಲಾಗಿರಿ ಎನ್ನುತ್ತಿದ್ದಾರೆ. ಏಜೆಂಟರೊಬ್ಬರು ಹಳೆಯದನ್ನೆಲ್ಲ ತೆಗೆದು ಎಲ್ಲ ಕೋಣೆಗಳಿಗೂ ಐಪಿ ಫೋನ್ (ಇಂಟರ್ನೆಟ್ ಜಾಲದ ಮೂಲಕ ಮಾತಾಡುವ ಫೋನು) ಹಾಕಿಸಬೇಕೆಂದು ದೊಡ್ಡ ಮೊತ್ತದ ಅಂದಾಜುಪಟ್ಟಿ ಕೊಟ್ಟಿದ್ದಾರೆ. ಇದು ಅಗತ್ಯವೇ? ಗ್ರಾಹಕರಿಗೆ ಬಾಯಿಪಾಠವಾಗಿರುವ ನಮ್ಮ 0836 ನಂಬರು ಉಳಿಯುತ್ತದೆಯೇ?

ಉತ್ತರ: ಎಲ್ಲವನ್ನೂ ಒಂದೇ ಸಲ ಬದಲಿಸುವ ಅಗತ್ಯವಿಲ್ಲ, ನಿಮ್ಮಂಥ ಕಟ್ಟಡದಲ್ಲಿ ಹಾಗೆ ಮಾಡುವುದು ಜಾಣತನವೂ ಅಲ್ಲ. ನಿಮಗೆ ತೊಂದರೆ ಕೊಡುತ್ತಿರುವುದು ಬೀದಿಯಲ್ಲಿ ನೀರು ಕುಡಿಯುತ್ತಿರುವ ಹೊರಗಿನ ಕೇಬಲ್ಲೇ ಹೊರತು ಗೋಡೆಯೊಳಗಿನ ತಂತಿಯಲ್ಲ. ಆದ್ದರಿಂದ ಮೊದಲು ಹೊರಗಿನ ಲೈನುಗಳನ್ನು ಮಾತ್ರ ಇಂಟರ್ನೆಟ್ ಆಧಾರಿತ ಕರೆಗೆ ಬದಲಿಸಿ, ಒಳಗಿನ ಇಪಿಎಬಿಎಕ್ಸ್ ಮತ್ತು ಕೋಣೆಗಳ ಫೋನುಗಳನ್ನು ಇದ್ದಂತೆಯೇ ಉಳಿಸಿಕೊಳ್ಳಿ. ಇದಕ್ಕೆ ಎರಡು ದಾರಿಗಳಿವೆ. ಫೈಬರಿನ ಕೊನೆಗೆ ಕಂಪನಿಯವರು ಕೂರಿಸುವ ಒಎನ್‌ಟಿ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಟೆಲಿಫೋನ್ ಕಿಂಡಿ ಇರುತ್ತದೆ; ಅಲ್ಲಿಂದ ತಂತಿ ಎಳೆದು ಇಪಿಎಬಿಎಕ್ಸ್‌ನ ಹೊರಲೈನಿಗೆ ಸಿಕ್ಕಿಸಿದರೆ, ಅದಕ್ಕೆ ತನ್ನ ಹಿಂದೆ ಇರುವುದು ಫೈಬರ್ ಎಂಬುದೇ ತಿಳಿಯುವುದಿಲ್ಲ. ನಾಲ್ಕೂ ಲೈನುಗಳಿಗೆ ಅಂಥ ಕಿಂಡಿಗಳು ಸಾಲದಿದ್ದರೆ ಕಂಪನಿಯಿಂದ ಸಿಪ್ ಟ್ರಂಕ್ (ಹಲವು ಕರೆಗಳನ್ನು ಇಂಟರ್ನೆಟ್ ಮೂಲಕ ತರುವ ಸಂಪರ್ಕ) ಪಡೆದು, ನಡುವೆ ಅದನ್ನು ಹಳೆಯ ಲೈನಿನ ರೂಪಕ್ಕೆ ತರುವ ಒಂದು ಗೇಟ್‌ವೇ ಇಟ್ಟು, ಅದರ ನಾಲ್ಕು ಕಿಂಡಿಗಳನ್ನು ಇಪಿಎಬಿಎಕ್ಸ್‌ಗೆ ಜೋಡಿಸಬಹುದು. ಐಪಿ ಫೋನು ಬೇಕೇಬೇಕೆನಿಸಿದರೆ ರಿಸೆಪ್ಷನ್‌ಗೂ ವ್ಯವಸ್ಥಾಪಕರ ಕೋಣೆಗೂ ಸಾಕು. ಅತಿಥಿ ಕೋಣೆಯ ಫೋನಿನಿಂದ ಈ ಕಾಲದಲ್ಲಿ ಹೋಗುವ ಕರೆಗಳೆಂದರೆ ಬಿಸಿನೀರು ಬರುತ್ತಿಲ್ಲ, ಕಾಫಿ ಕಳಿಸಿ ಎಂಬಂಥವೇ. ಅದಕ್ಕಾಗಿ ಕೋಣೆ ಕೋಣೆಗೆ ನೆಟ್‌ವರ್ಕ್ ಕೇಬಲ್ ಎಳೆಯಲು ಗೋಡೆ ಕೊರೆಸುವುದನ್ನು ನಾನಂತೂ ಒಪ್ಪುವುದಿಲ್ಲ.

ನಂಬರಿನ ವಿಷಯದಲ್ಲಿ ಎಚ್ಚರವಿರಲಿ. ನಮ್ಮ ದೇಶದಲ್ಲಿ ನಂಬರು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಿಂದ ಎಲ್ಲೆಡೆ ಜಾರಿಯಲ್ಲಿದ್ದರೂ ಅದು ಮೊಬೈಲಿಗೆ ಮಾತ್ರ, ಲ್ಯಾಂಡ್‌ಲೈನಿಗೆ ಇಲ್ಲ. ಹೀಗಾಗಿ ಈಗಿನ ಕಂಪನಿಯಲ್ಲೇ ಉಳಿದು ತಾಮ್ರದಿಂದ ಫೈಬರಿಗೆ ಹೋಗುವುದಾದರೆ ನಂಬರು ಉಳಿಯುವ ಅವಕಾಶವಿದೆ. ಬೇರೆ ಕಂಪನಿಗೆ ಹೋದರೆ ಹೊಸ ನಂಬರೇ ಗತಿ. ಅರ್ಜಿ ಕೊಡುವಾಗ ‘ಹಳೆಯ ನಂಬರು ಉಳಿಸಿಕೊಡುವುದು’ ಎಂದು ಸ್ಪಷ್ಟವಾಗಿ ಬರೆದು, ಒಪ್ಪಿಗೆಯನ್ನು ಲಿಖಿತವಾಗಿ ಪಡೆದುಕೊಳ್ಳಿ. ಹೊಸ ಲೈನಿನಲ್ಲಿ ಆ ನಂಬರಿಗೆ ಕರೆ ಬರುವವರೆಗೂ ಹಳೆಯ ಸಂಪರ್ಕವನ್ನು ರದ್ದು ಮಾಡಲು ಸಹಿ ಹಾಕಬೇಡಿ.

ನೀವು ಕೇಳದಿದ್ದರೂ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ವಿದ್ಯುತ್ತಿನದು. ತಾಮ್ರದ ಲೈನಿಗೆ ಎಕ್ಸ್‌ಚೇಂಜಿನ ಬ್ಯಾಟರಿಗಳಿಂದಲೇ 48 ವೋಲ್ಟ್ ಡಿಸಿ ಹರಿದು ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನು ಬದುಕಿರುತ್ತಿದ್ದುದು ಇದರಿಂದ. ಫೈಬರಿನಲ್ಲಿ ಬರುವುದು ಬರೀ ಬೆಳಕು. ಒಎನ್‌ಟಿ, ರೂಟರ್, ಗೇಟ್‌ವೇ ಇಷ್ಟಕ್ಕೂ ನೀವೇ ಕರೆಂಟು ಒದಗಿಸಬೇಕು. ‘ನಮ್ಮಲ್ಲಿ ಜನರೇಟರ್ ಇದೆಯಲ್ಲ’ ಎಂದು ನಿಶ್ಚಿಂತರಾಗಬೇಡಿ: ಜನರೇಟರ್ ಹೊತ್ತಿಕೊಳ್ಳುವ ಕೆಲವೇ ಸೆಕೆಂಡುಗಳಲ್ಲಿ ಈ ಪೆಟ್ಟಿಗೆಗಳು ಆರಿ ಹೋಗಿರುತ್ತವೆ, ಕರೆಂಟು ಬಂದ ಮೇಲೂ ಅವು ಮೊದಲಿನಿಂದ ಶುರುವಾಗಿ ಕಂಪನಿಯ ಸರ್ವರಿನಲ್ಲಿ ನೋಂದಾಯಿಸಿಕೊಳ್ಳಲು ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ರಿಸೆಪ್ಷನ್‌ನ ಫೋನು ಮೂಕವಾಗಿರುತ್ತದೆ, ನಡೆಯುತ್ತಿದ್ದ ಕರೆಗಳೂ ತುಂಡಾಗುತ್ತವೆ. ಈ ಉಪಕರಣಗಳೆಲ್ಲ ತಿನ್ನುವ ವಿದ್ಯುತ್ತು ಬಹಳ ಕಡಿಮೆ. ಇವುಗಳಿಗೆ ಮತ್ತು ಇಪಿಎಬಿಎಕ್ಸ್‌ಗೆಂದೇ ಒಂದು ಚಿಕ್ಕ ಯುಪಿಎಸ್ ಮೀಸಲಿಟ್ಟು, ಅದಕ್ಕೆ ಪ್ರಿಂಟರು, ಕಾಫಿ ಯಂತ್ರ ಸಿಕ್ಕಿಸದಂತೆ ಸಿಬ್ಬಂದಿಗೆ ತಾಕೀತು ಮಾಡಿ. ಬ್ಯಾಟರಿ ಎಷ್ಟು ಹೊತ್ತು ತಡೆಯುತ್ತದೆ ಎಂಬುದನ್ನು ಮೇನ್ ಸ್ವಿಚ್ ಆರಿಸಿ ನೀವೇ ನೋಡಿ.

ಲ್ಯಾಂಡ್‌ಲೈನಿಗೆ ಫೋನಲ್ಲದೆ ಇನ್ನೇನು ಅಂಟಿಕೊಂಡಿದೆ ಎಂಬುದನ್ನೂ ಹುಡುಕಬೇಕು. ಬ್ರಿಟನ್ನಿನಲ್ಲಿ ಹಳೆಯ ಟೆಲಿಫೋನ್ ಜಾಲವನ್ನು 2025ರ ಕೊನೆಗೆ ಮುಚ್ಚುವುದೆಂದು ನಿಶ್ಚಯವಾಗಿತ್ತು. ವೃದ್ಧರು, ಅಶಕ್ತರು ಆಪತ್ತಿನಲ್ಲಿ ಒತ್ತುವ ಎಚ್ಚರಿಕೆ ಸಾಧನಗಳು ಹೊಸ ಲೈನಿನಲ್ಲಿ ಕೈಕೊಟ್ಟ ಪ್ರಕರಣಗಳಿಂದಾಗಿ 2023ರ ಡಿಸೆಂಬರಿನಲ್ಲಿ ಕಡ್ಡಾಯ ಬದಲಾವಣೆಗೆ ತಡೆ ಬಿತ್ತು, ಮುಂದೆ ಗಡುವು 2027ರ ಜನವರಿಗೆ ಹೋಯಿತು. ನಿಮ್ಮಲ್ಲಿ ಲಿಫ್ಟಿನೊಳಗಿನ ತುರ್ತು ಫೋನು, ಬೆಂಕಿ ಎಚ್ಚರಿಕೆ ಫಲಕ, ಮೂಲೆಯ ಫ್ಯಾಕ್ಸ್ ಇವು ಯಾವ ತಂತಿಗೆ ಹೋಗಿವೆ ಎಂದು ನೋಡಿಸಿ, ಬದಲಾದ ಮೇಲೆ ಪ್ರತಿಯೊಂದನ್ನೂ ಒತ್ತಿ ಪರೀಕ್ಷಿಸಿ.

ಧ್ವನಿಯ ಗುಣಮಟ್ಟಕ್ಕೆ ಇಂಟರ್ನೆಟ್ಟಿನ ವೇಗ ಮುಖ್ಯವೆಂಬುದು ಜಾಹೀರಾತಿನ ಮಾತು. ಧ್ವನಿಯನ್ನು ಅಂಕಿಗಳಾಗಿಸಲು ಬಳಕೆಯಲ್ಲಿರುವ ಜಿ.711 ವಿಧಾನದಲ್ಲಿ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್, ಅದಕ್ಕೆ ಅಂಟಿಸುವ ವಿಳಾಸದ ಹೊರೆ ಸೇರಿ ಸುಮಾರು 90 ಕಿಲೋಬಿಟ್ ಬೇಕು. ನಾಲ್ಕು ಕರೆ ಒಟ್ಟಿಗೆ ನಡೆದರೂ ಒಂದು ಮೆಗಾಬಿಟ್ಟಿನ ಅರ್ಧವೂ ಆಗುವುದಿಲ್ಲ. ಮಾತನ್ನು ಕೆಡಿಸುವುದು ತಡವಾಗಿ, ಏರುಪೇರಾಗಿ ಬರುವ ಪ್ಯಾಕೆಟ್ಟುಗಳು, ಅಂದರೆ ಧ್ವನಿಯ ತುಣುಕುಗಳು. ಧ್ವನಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿದರೆ ಇಬ್ಬರೂ ಒಟ್ಟಿಗೆ ಮಾತಾಡಿ, ಒಟ್ಟಿಗೆ ನಿಲ್ಲಿಸುವ ಪರಿಸ್ಥಿತಿ ಬರುತ್ತದೆ. ಅತಿಥಿಗಳ ವೈಫೈಯೂ ಫೋನೂ ಒಂದೇ ರೂಟರಿನಲ್ಲಿದ್ದರೆ, ಮದುವೆ ದಿಬ್ಬಣದವರು ಇಳಿದುಕೊಂಡ ರಾತ್ರಿ ವಿಡಿಯೊ ಅಪ್‌ಲೋಡ್ ಶುರುವಾದಾಗ ನಿಮ್ಮ ಬುಕಿಂಗ್ ಕರೆ ತೊದಲುತ್ತದೆ. ಕರೆಗಳಿಗೆಂದೇ ಅದೇ ಜಾಲದೊಳಗೆ ಬೇರ್ಪಡಿಸಿದ ಹಾದಿ, ಅಂದರೆ ಪ್ರತ್ಯೇಕ ವಿಎಲ್‌ಎಎನ್ ಮಾಡಿ, ರೂಟರಿನಲ್ಲಿ ಅದಕ್ಕೆ ಮೊದಲ ಆದ್ಯತೆ ಕೊಡಿಸಿ.

ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಮಾಡುವ ಕರೆಗೆ ಮುಂದೆ ಸೊನ್ನೆ ಸೇರಿಸಬೇಕೆಂಬ ನಿಯಮ 2021ರ ಜನವರಿ 15ರಿಂದ ಇದೆ. ನಿಮ್ಮ ಇಪಿಎಬಿಎಕ್ಸ್‌ನಲ್ಲಿ ಹೊರಲೈನು ಪಡೆಯಲು ಒತ್ತುವುದೂ ಸೊನ್ನೆಯೇ ಆಗಿದ್ದರೆ, ಗೇಟ್‌ವೇ ಕೂರಿಸುವವರು ಈ ಎರಡು ಸೊನ್ನೆಗಳನ್ನು ಬೆರೆಸದಂತೆ ಎದುರಿಗೇ ಕರೆ ಮಾಡಿಸಿ ನೋಡಿ. ಅಂತರರಾಷ್ಟ್ರೀಯ ಕರೆ ಬೇಡವಾದರೆ ಕಂಪನಿಯ ಕಡೆಯಿಂದಲೇ ಮುಚ್ಚಿಸಿ. ಸುಲಭ ಪಾಸ್‌ವರ್ಡ್ ಇರುವ ಸಿಪ್ ಉಪಕರಣಗಳನ್ನು ಹುಡುಕುವ ಕಳ್ಳರು ಜಗತ್ತಿನಾದ್ಯಂತ ಇದ್ದಾರೆ, ನಡುರಾತ್ರಿಯಲ್ಲಿ ವಿದೇಶಕ್ಕೆ ಹೋದ ಕರೆಗಳ ಬಿಲ್ಲು ಬರುವುದು ನಿಮ್ಮ ಹೆಸರಿಗೆ.

ಇನ್ನೊಂದು ಮಾತು: ದೂರಸಂಪರ್ಕ ಇಲಾಖೆಯ ಪರವಾನಗಿ ಇರುವ ಕಂಪನಿಯಿಂದಲೇ ಸಂಪರ್ಕ ಪಡೆಯಿರಿ. ಕೋಣೆಯೊಂದರಲ್ಲಿ ಸಿಮ್ ತುಂಬಿದ ಪೆಟ್ಟಿಗೆ ಇಡಲು ಬಾಡಿಗೆ ಕೊಡುತ್ತೇವೆಂದು ಯಾರಾದರೂ ಬಂದರೆ ಬಾಗಿಲಿನಿಂದಲೇ ಕಳಿಸಿ. ವಿದೇಶದ ಇಂಟರ್ನೆಟ್ ಕರೆಗಳನ್ನು ಸ್ಥಳೀಯ ಕರೆಗಳಂತೆ ತೋರಿಸುವ ಇಂಥದೇ ಅಕ್ರಮ ಎಕ್ಸ್‌ಚೇಂಜನ್ನು 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೊಲೀಸರೂ ಸೇನಾ ಗುಪ್ತಚರರೂ ಸೇರಿ ಪತ್ತೆ ಹಚ್ಚಿದ್ದರು.

ಪ್ರಶ್ನೆ: ಮಂಗಳೂರಿನಲ್ಲಿ ನಮ್ಮ ಲೆಕ್ಕಪರಿಶೋಧನಾ ಕಚೇರಿಯನ್ನು ಈಗಾಗಲೇ ಐಪಿ ಫೋನಿಗೆ ಬದಲಿಸಿದ್ದೇವೆ. ಕೆಲವು ಕರೆಗಳಲ್ಲಿ ನಮ್ಮ ಮಾತು ಅವರಿಗೆ ಕೇಳಿಸುತ್ತದೆ, ಅವರದು ನಮಗೆ ಕೇಳಿಸುವುದಿಲ್ಲ. ಫೋನು ಬದಲಿಸಿದರೂ ಸರಿಹೋಗಲಿಲ್ಲ.

ಉತ್ತರ: ದೋಷ ಫೋನಿನದಲ್ಲದಿರಬಹುದು, ರೂಟರನ್ನು ನೋಡಿ. ಐಪಿ ಕರೆಯಲ್ಲಿ ಗಂಟೆ ಬಾರಿಸುವ ಸಂದೇಶಗಳು ಒಂದು ದಾರಿಯಲ್ಲಿ, ಧ್ವನಿ ಇನ್ನೊಂದು ದಾರಿಯಲ್ಲಿ ಸಾಗುತ್ತವೆ. ಕಚೇರಿಯೊಳಗಿನ ಖಾಸಗಿ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವಾಗ ರೂಟರು ಎಡವಿದರೆ ಬರಬೇಕಾದ ಧ್ವನಿ ನಿಮ್ಮನ್ನು ತಲುಪುವುದಿಲ್ಲ. ರೂಟರಿನ ಸೆಟ್ಟಿಂಗಿನಲ್ಲಿ ‘ಸಿಪ್ ಎಎಲ್‌ಜಿ’ ಎಂಬುದು (ಕರೆಯ ಸಂದೇಶಗಳಲ್ಲಿರುವ ವಿಳಾಸಗಳನ್ನು ರೂಟರೇ ತಿದ್ದುವ ಸೌಲಭ್ಯ) ಚಾಲೂ ಇದ್ದರೆ ಆಫ್ ಮಾಡಿ, ರೂಟರನ್ನೂ ಫೋನುಗಳನ್ನೂ ಮತ್ತೆ ಚಾಲೂ ಮಾಡಿ. ಆಮೇಲೂ ತೊಂದರೆ ಉಳಿದರೆ, ಕೆಟ್ಟ ಕರೆಯೊಂದರ ಸಮಯ ಮತ್ತು ನಂಬರನ್ನು ಬರೆದಿಟ್ಟು ಸೇವೆ ಕೊಡುವ ಕಂಪನಿಗೆ ಕೊಡಿ. ಅವರ ಸರ್ವರಿನ ದಾಖಲೆಯಲ್ಲಿ ಧ್ವನಿ ಯಾವ ವಿಳಾಸಕ್ಕೆ ಹೋಯಿತೆಂದು ನೋಡಿ ಹೇಳುವುದು ಅವರಿಗೆ ಕಷ್ಟವಲ್ಲ.